ಯಾವ ಹಬ್ಬಕ್ಕಪ್ಪ?

ನನ್ನ ಹೆಸರು ಹಬಕ್ಕೂಕ. ಹಳೆಯ ಒಡಂಬಡಿಕೆಯ ಕೊನೆಗೆ ಸಾಲಾಗಿ ಕೂತಿರುವ ಹನ್ನೆರಡು ಮಂದಿ ಕಿರಿಯ ಪ್ರವಾದಿಗಳಲ್ಲಿ ಎಂಟನೆಯವನು. ಮೂರೇ ಮೂರು ಅಧ್ಯಾಯ ಬರೆದು ಸುಮ್ಮನಾದವನು. ನಾನು ಹುಟ್ಟಿದಾಗ ಆಗಿನ ಪಾಸ್ಟರರು ಕಣ್ಣು ಮುಚ್ಚಿ ಬೈಬಲು ತೆರೆದು, ಬೆರಳು ಬಿದ್ದಲ್ಲಿ ಸಿಕ್ಕ ಹೆಸರನ್ನೇ ಇಟ್ಟರಂತೆ. ಒಂದೆರಡು ಹಾಳೆ ಹಿಂದೆ ಬಿದ್ದಿದ್ದರೆ ನಹೂಮ, ಮುಂದೆ ಬಿದ್ದಿದ್ದರೆ ಚೆಫನ್ಯ. ಬೆರಳು ಯಾವ ಕಡೆ ಜಾರಿದ್ದರೂ ನನ್ನ ಹಣೆಬರಹ ಅಷ್ಟರಲ್ಲೇ ಇತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ನಮ್ಮೂರು ಮಟಮಾರಿ. ರಾಯಚೂರಿನಿಂದ ಗುಂತಕಲ್ಲಿನ ಕಡೆ ಹೊರಟ ರೈಲು ತುಂಗಭದ್ರೆ ದಾಟುವುದಕ್ಕೆ ಮೊದಲು ಇಲ್ಲಿ ನಿಲ್ಲುತ್ತದೆ. ಎಲ್ಲ ರೈಲೂ ಅಲ್ಲ, ನಮ್ಮ ಮೇಲೆ ಕರುಣೆ ಇದ್ದವು. ಮದರಾಸಿನ ಹಳಿ ಮತ್ತು ಮುಂಬಯಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಕಾಲದಿಂದ ಜಗತ್ತೆಲ್ಲ ನಮ್ಮೂರ ಪಕ್ಕದಲ್ಲೇ ಹಾದುಹೋಗುತ್ತಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ರೈಲ್ವೆ ಇಲಾಖೆ ಊರ ಹೆಸರಿನ ನಡುವಿನ ಒಂದು ಅಕಾರವನ್ನು ನುಂಗಿ ‘ಮಟ್ಮಾರಿ’ ಅನ್ನುತ್ತದೆ. ಊರಿಗೇ ಈ ಗತಿಯಾದರೆ ಊರೊಳಗಿನ ಹಬಕ್ಕೂಕನ ಪಾಡೇನು?

ಹೆಸರನ್ನು ಕೊಟ್ಟ ಹಾಗೇ ನುಂಗುವ ಅಭ್ಯಾಸ ನಮ್ಮೂರ ಬಾಯಿಗೆ ಇಲ್ಲ. ಅಗಿದು, ಹದ ಮಾಡಿ, ಕೊನೆಗೊಂದು ‘ಅಪ್ಪ’ನೋ ‘ಅಮ್ಮ’ನೋ ಹಚ್ಚಿದ ಮೇಲೆಯೇ ಒಳಗೆ ಬಿಟ್ಟುಕೊಳ್ಳುವುದು. ಖಾಜಾ ಬಂದೇನವಾಜರ ಹೆಸರು ಹೀಗೇ ಖಾಜಪ್ಪ ಆಯಿತು, ಹುಸೇನರದು ಹುಸೇನಪ್ಪ, ಮೌಲಾಲಿಯದು ಮೌಲಪ್ಪ. ಆ ಹೆಸರಿನವರು ಮಂಗಳವಾರ ಹನುಮಪ್ಪನ ಗುಡಿಗೆ ಕಾಯಿ ಒಡೆಯಲು ಹೋಗುತ್ತಾರೆ. ನನ್ನದನ್ನೂ ಅಗಿದರು. ಹಬಕ್ಕೂಕ ಮೊದಲು ಹಬ್ಬಕ್ಕೂಗ ಆದ, ಆಮೇಲೆ ಹಬ್ಬಕ್ಕ ಆದ, ಕೊನೆಗೆ ಹಬ್ಬಕ್ಕಪ್ಪ ಆಗಿ ನೆಲೆನಿಂತ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಾನು ಸವೆಸಿದ ವರ್ಷಗಳಲ್ಲಿ ಪರಿಚಯದ ಮಾತು ಒಂದೇ ದಾರಿ ಹಿಡಿಯುತ್ತಿತ್ತು.

“ತಮ್ಮ ಹೆಸರೇನ್ರಿ ಸರ?”

“ಹಬ್ಬಕ್ಕಪ್ಪ.”

“ಯಾವ ಹಬ್ಬಕ್ಕಪ್ಪ?”

ಉಗಾದಿಗೇನು, ದಸರಕ್ಕೇನು, ಮೊಹರಮ್ಮಿಗೇನು? ನಗದು ಎಣಿಸುತ್ತಿದ್ದವನು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಕ್ರಿಸ್‌ಮಸ್‌ಗೆ ಅಂದರೆ ಮಾತು ಮುಗಿದೀತು ಅಂದುಕೊಂಡು ಹಾಗೇ ಹೇಳಿ ನೋಡಿದ್ದೂ ಉಂಟು. “ಹಂಗಾರ ಅವತ್ತೇ ಬರ್ತೀನಿ ಬಿಡ್ರಿ” ಎಂದು ಎದ್ದುಹೋದವರೂ ಉಂಟು.

ಇದಕ್ಕೆ ಪೂರಾ ವಿರುದ್ಧವಾದ ಉದಾಹರಣೆ ನನ್ನ ಮನೆಯಲ್ಲೇ ಒಲೆಯ ಮುಂದೆ ಕೂತಿದೆ. ನನ್ನ ಹೆಂಡತಿಯ ಹೆಸರು ದೀನಮ್ಮ. ಯಾಕೋಬನಿಗೆ ಲೇಯಾಳಲ್ಲಿ ಹುಟ್ಟಿದ ಮಗಳು ದೀನಾ. ಅಪ್ಪಟ ಹೀಬ್ರೂ ಹೆಸರು. ಆದರೆ ಹುಟ್ಟಿದಾಗಿನಿಂದ ಇವತ್ತಿನವರೆಗೆ ಯಾರೂ ಅವಳಿಗೆ “ಇದು ಯಾವ ಭಾಷಿ ಹೆಸರು?” ಎಂದು ಕೇಳಿಲ್ಲ. ದೀನದಯಾಳು, ದೀನಬಂಧು ಇರುವ ನಾಡಿನಲ್ಲಿ ದೀನಮ್ಮ ಇದ್ದರೇನು ಆಶ್ಚರ್ಯ? ಹೆಸರು ಕೇಳಿ, ಪಾಪ, ಬಡಪಾಯಿ ಹೆಣ್ಣುಮಗಳು ಅಂದುಕೊಂಡು ಮಾತಿಗೆ ಬಂದವರು ಅರ್ಧ ತಾಸಿನೊಳಗೆ ತಾವೇ ದೀನರಾಗಿ ಹೋಗುತ್ತಾರೆ. ಅದು ಬೇರೆ ಮಾತು.

ಮಗನ ಹೆಸರು ಯೋನಾತಾನ. ಅದು ನನ್ನ ಕೈಚಳಕ. ಮನೆಯಲ್ಲಿ ಯೋನಪ್ಪ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಯೋನಾತಾನ, ಬೆಂಗಳೂರಿನ ಕಂಪನಿಯಲ್ಲಿ ಜೊನಾಥನ್. ಹೀಬ್ರೂವಿನಲ್ಲಿ ಯಕಾರವಾಗಿದ್ದದ್ದು ಇಂಗ್ಲಿಷರ ಬಾಯಲ್ಲಿ ಜಕಾರವಾಯಿತು. ಕನ್ನಡದ ಬೈಬಲು ಯಕಾರವನ್ನೇ ಉಳಿಸಿಕೊಂಡು ಯೋಹಾನ, ಯಾಕೋಬ, ಯೋಸೇಫ ಎಂದಿತು. ಮೂಲಕ್ಕೆ ಹತ್ತಿರ ನಾವೇ ಎಂದು ನಾನು ಎದೆಯುಬ್ಬಿಸಿ ಹೇಳಿದ್ದಕ್ಕೆ ಮಗ ಒಂದು ಅಫಿಡವಿಟ್ಟಿನ ಪ್ರತಿ ಮುಂದೆ ಹಿಡಿದ. ‘ಯೋನಾತಾನ ಅಲಿಯಾಸ್ ಜೊನಾಥನ್, ಇವರಿಬ್ಬರೂ ಒಬ್ಬನೇ ವ್ಯಕ್ತಿ’ ಎಂದು ನೋಟರಿ ಮುದ್ರೆ ಹಾಕಿತ್ತು. ಅಲಿಯಾಸ್ ಅನ್ನುವುದನ್ನು ಠಾಣೆಯ ಗೋಡೆ ಮೇಲಿನ ಫೋಟೊಗಳ ಕೆಳಗೆ ಬಿಟ್ಟರೆ ನಾನು ಅಲ್ಲೇ ಮೊದಲು ಓದಿದ್ದು.

ಹೀಗಿರುವಾಗ ಸೊಸೆಗೆ ದಿನ ತುಂಬುತ್ತಿವೆ ಎಂಬ ಸುದ್ದಿ ಬಂತು. ನಾನು ನಿವೃತ್ತ ಮನುಷ್ಯ, ಕೈಯಲ್ಲಿ ಕೆಲಸವಿಲ್ಲ, ಕಪಾಟಿನಲ್ಲಿ ಬೈಬಲಿದೆ. ಹುಟ್ಟುವ ಕೂಸಿಗೆ ಹೀಬ್ರೂ ಹೆಸರೇ ಇರಬೇಕು, ಆದರೆ ಅದು ಮಟಮಾರಿಯ ಹೋಟೆಲಿನಲ್ಲೂ ಮುರಿಯಬಾರದು, ಬೆಂಗಳೂರಿನ ಆಫೀಸಿನಲ್ಲೂ ಮುರಿಯಬಾರದು ಎಂದು ಘೋಷಿಸಿ ಎರಡು ಪಟ್ಟಿ ಮಾಡಲು ಕೂತೆ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ, ಹೀಗಾಗಿ ಎರಡು. ದೀನಮ್ಮ ಕನ್ನಡಕದ ಮೇಲಿಂದ ನೋಡಿ, “ಬ್ಯಾಂಕಿನ್ಯಾಗ ಇಷ್ಟು ಬರದಿದ್ರ ಮ್ಯಾನೇಜರ್ ಆಗ್ತಿದ್ರಿ” ಅಂದಳು.

ಪರೀಕ್ಷೆಗೂ ನಾನು ಬೈಬಲನ್ನೇ ಹಿಡಿದೆ. ನ್ಯಾಯಸ್ಥಾಪಕರ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಗಿಲ್ಯಾದಿನವರು ಯೊರ್ದನ್ ಹೊಳೆಯ ಹಾಯ್ಗಡದಲ್ಲಿ ಕಾವಲು ನಿಂತು, ದಾಟಲು ಬಂದವರಿಗೆಲ್ಲ “ಷಿಬ್ಬೋಲೆತ್ ಅನ್ನು ನೋಡೋಣ” ಎನ್ನುತ್ತಾರೆ. ಸೋತು ಓಡಿಬಂದ ಎಫ್ರಾಯೀಮ್ಯರ ನಾಲಗೆಗೆ ಷಕಾರ ಒಗ್ಗದು. ಅವರು “ಸಿಬ್ಬೋಲೆತ್” ಅನ್ನುತ್ತಾರೆ. ಅಷ್ಟಕ್ಕೇ ತಲೆ ಹೋಗುತ್ತದೆ. ಹಾಗೆ ಹೋದವರು 42,000 ಮಂದಿ ಎಂದು ಬರೆದಿದೆ. ಈ ಕಾವಲುಗಾರರು ದೇವಸೂಗೂರಿನ ಹತ್ತಿರ ಕೃಷ್ಣೆಯ ಸೇತುವೆಯ ಮೇಲೆ ನಿಂತಿದ್ದರೆ? ಸಂಕ್ರಪ್ಪ, ಸಾಂತಮ್ಮ, ಸಿವಣ್ಣ, ಸರಣಪ್ಪ, ಯಾರೂ ಉಳಿಯುತ್ತಿರಲಿಲ್ಲ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಇಡೀ ದೋಆಬು ಒಂದೇ ಮಧ್ಯಾಹ್ನದಲ್ಲಿ ಖಾಲಿ. ಶಕಾರ ಇರುವ ಹೆಸರುಗಳಿಗೆ ಅಲ್ಲೇ ಅಡ್ಡಗೆರೆ ಎಳೆದೆ. ಯೆಶಾಯ ಹೋದ, ಯೆಹೋಶುವ ಹೋದ, ಆಶೇರ ಹೋದ. ಯೆಶಾಯನ ಮಗನಂತೂ ಮೊದಲೇ ಹೋಗಿದ್ದ. ಆ ಪ್ರವಾದಿ ತನ್ನ ಕೂಸಿಗೆ ಇಟ್ಟ ಹೆಸರು ಮಹೇರ್ ಶಾಲಾಲ್ ಹಾಷ್ ಬಜ್. ಪರೀಕ್ಷೆಯ ಅರ್ಜಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಕೊಟ್ಟಿರುತ್ತಾರಲ್ಲ, ಆ ಹುಡುಗನಿಗೆ ಅಪ್ಪನ ಹೆಸರಿಗೆ ಮೀಸಲಾದ ಸಾಲೂ ಬೇಕಾಗುತ್ತಿತ್ತು.

ಉಳಿದ ಹೆಸರುಗಳನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೊರಟೆ. ಮೊದಲು ಐಸಾಕ್. ಗಂಡು ಹುಟ್ಟಿದರೆ ಇದೇ ಎಂದು ನನಗೆ ಬಹಳ ಮನಸ್ಸಿತ್ತು. ನಡುಬೇಸಿಗೆ, ರಾಯಚೂರಿನ ಬಿಸಿಲು ಗೊತ್ತಲ್ಲ, ಕಬ್ಬಿನ ಹಾಲಿನ ಗಾಡಿಯ ನೆರಳಿಗೆ ನಿಂತು, ಗಾಡಿಯವನಿಗೆ ಕೇಳುವ ಹಾಗೆ ಮೆಲ್ಲಗೆ “ಐಸಾಕ್” ಅಂದೆ. ಅವನು ಗ್ಲಾಸಿಗೆ ಐಸ್ ಹಾಕಿದ. ಅಲ್ಲಪ್ಪಾ, ಐಸಾಕ್ ಅಂದೆ. ಇನ್ನಷ್ಟು ಹಾಕಿದ. ಏಪ್ರಿಲಿನಿಂದ ಜೂನಿನ ತನಕ ಇಡೀ ಜಿಲ್ಲೆ ನನ್ನ ಮೊಮ್ಮಗನ ಹೆಸರು ಹೇಳಿಕೊಂಡೇ ಬದುಕುತ್ತದೆ, ಯಾರು ಕರೆದರು ಎಂದು ಕೂಸು ಎಷ್ಟು ಸಲ ತಿರುಗಿ ನೋಡೀತು?

ಲೇವಿ ಚೊಕ್ಕವಾಗಿದೆ, ಎರಡೇ ಅಕ್ಷರ ಅಂದುಕೊಂಡೆ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಗೆಳೆಯ ಬೆಚ್ಚಿಬಿದ್ದು, “ಲೇವಿ ಬಂದ್ ಆಗಿ ಎಷ್ಟು ವರ್ಷ ಆತು, ಮತ್ತ ಚಾಲೂ ಮಾಡ್ಯಾರೇನು?” ಅಂದ. ಸರಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾಗಿದ್ದ ಲೇವಿ ಅಕ್ಕಿಯ ನೆನಪು ಭತ್ತದ ಸೀಮೆಯಲ್ಲಿ ಇನ್ನೂ ಹಸಿಯಾಗಿದೆ. ಸೇತ ಅಂದರೆ ಗಂಜ್‌ನ ಅಂಗಡಿಯ ಸೇಟ್‌ಜಿ ತಿರುಗಿ ನೋಡುತ್ತಾರೆ. ಮೀಕ ಅಂದರೆ ಇಸ್ಪೀಟು ಆಡುವವರು, “ಯಾವನು ಇವತ್ತಿನ ಮಿಕ?” ಅನ್ನುತ್ತಾರೆ. ಮತ್ತಾಯ ಎಂಬ ಹೆಸರನ್ನು ನಮ್ಮ ಓಣಿಯ ಮುದುಕಿಯೊಬ್ಬಳ ಮುಂದೆ ಹೇಳಿದೆ. ಆಕೆ ಗಲ್ಲಕ್ಕೆ ಕೈ ಹಚ್ಚಿ, “ಮತ್ತ ಆತಾ? ಮೊದಲಿಂದು ಆಗಿದ್ದು ಯಾವಾಗ?” ಎಂದು ಕೇಳಿದಳು. ನೋವಾ ಅಂದರೆ ಔಷಧಿ ಅಂಗಡಿಯವನು “ಎಲ್ಲಿ ನೋವು?” ಅಂದ. ಮೊಣಕಾಲಿನ ಮಾತ್ರೆ ಕೊಂಡುಕೊಂಡೇ ಬರಬೇಕಾಯಿತು. ಕಾಲೇಬ ಎಂಬ ಹೆಸರನ್ನು ಚಹಾ ಹೋಟೆಲಿನಲ್ಲಿ ಹೇಳಿದ್ದಕ್ಕೆ, ಕೂಸು ಇನ್ನೂ ಹುಟ್ಟಿಲ್ಲ, ಆಗಲೇ ಕಾಲೇಜಿನ ಸೀಟು ಹುಡುಕುತ್ತಿದ್ದಾನೆ ಎಂಬ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು.

ದೇವರು ದೊಡ್ಡವನು, ಹೆಣ್ಣು ಹುಟ್ಟಿತು. ಗಂಡಿನ ಪಟ್ಟಿ ಒಲೆಗೆ ಹೋಯಿತು.

ಸೊಸೆ ಮಂಗಳೂರಿನವಳು. 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದಿಳಿದ ಊರು; ಅಲ್ಲಿಯ ಜನ ಒಂದೊಂದು ಅಕ್ಷರವನ್ನೂ ತೊಳೆದು ಒರೆಸಿ ಮಾತಾಡುತ್ತಾರೆ. ಅವಳ ಅಣ್ಣ ಕರಾವಳಿಯ ಎಷ್ಟೋ ಹುಡುಗ ಹುಡುಗಿಯರ ಹಾಗೆ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಅಂದರೆ ಹೀಬ್ರೂವನ್ನು ದಿನಾ ಕಿವಿಯಿಂದ ಕೇಳುವ ಮನುಷ್ಯ ನಮ್ಮ ಬೀಗರಲ್ಲೇ ಇದ್ದ. ವಿಡಿಯೋ ಕಾಲಿನಲ್ಲಿ ಅವನು, “ಯಾಯೇಲ್ ಇಡಿ ಮಾವ, ಇಲ್ಲಿ ತುಂಬ ಇಡ್ತಾರೆ, ಎಷ್ಟು ಚಂದ ಗೊತ್ತುಂಟಾ?” ಅಂದ. ಚಂದವೇ. ಸಂಜೆ ಪಾನ್ ಅಂಗಡಿಗೆ ಒಯ್ದೆ. “ಯಾಯೇಲ್” ಅಂದದ್ದೇ ತಡ, ಅಂಗಡಿಯವನು ಒದ್ದೆ ಅರಿವೆ ಸರಿಸಿ ಕೇಳಿದ: “ಯಾ ಎಲಿ? ಕಲ್ಕತ್ತಾನೋ ಬನಾರಸೋ?”

ಶೀರಾ ಕೂಡ ಅಲ್ಲಿ ಚಾಲ್ತಿಯಲ್ಲಿದೆಯಂತೆ. ಇಲ್ಲಿಯೂ ಇದೆ, ತುಪ್ಪ, ರವೆ, ಸಕ್ಕರೆ ಹಾಕಿ ಮಾಡುತ್ತಾರೆ. ಲೇಯಾ ಎಂದು ಸೊಸೆ ಅಂದಾಗ ದೀನಮ್ಮನೇ ಬಾಯಿ ಹಾಕಿದಳು. “ನಮ್ಮ ಕಡಿ ‘ಲೇ’ ಅಂದ್ರ ಬೈಗುಳ ಐತವ್ವಾ. ಸಾಲಿ ಮಾಸ್ತರ ದಿನಾ ಹಾಜರಿ ಕರ್ಯಾಕ ಹತ್ತಿದ್ರ ಜಗಳಾಡಿದಂಗ ಕೇಳತೈತಿ.” ಹನ್ನ ಆಗಬಹುದೇ? ನಮ್ಮಲ್ಲಿ ಪದದ ಮೊದಲಿನ ಹಕಾರ ನಿಲ್ಲುವುದಿಲ್ಲ. ಹನುಮಂತಪ್ಪ ಅನುಮಂತಪ್ಪ ಆಗುವ ಊರಿನಲ್ಲಿ ಹನ್ನ ಅನ್ನವೇ ಆಗುತ್ತಾಳೆ, ಮಗ್ಗುಲಲ್ಲೇ ತೆಲುಗು ಬೇರೆ ಇದೆ, ಅವರಿಗೆ ‘ಅನ್ನ’ ಎಂದರೆ ಅಣ್ಣ. ಹೆಣ್ಣುಕೂಸನ್ನು ಇಡೀ ಊರು ಅಣ್ಣಾ ಅಣ್ಣಾ ಎಂದು ಕರೆಯುವುದನ್ನು ಕಲ್ಪಿಸಿಕೊಂಡು ಸೊಸೆಯೇ ಹಿಂದೆ ಸರಿದಳು.

ಕೊನೆಗೆ ನನಗೆ ಹೊಳೆದದ್ದು ಸಾರಾ. ಅಬ್ರಹಾಮನ ಹೆಂಡತಿ. ಇಂಗ್ಲಿಷಿನಲ್ಲಿ ಸಾರಾ, ಉರ್ದುವಿನಲ್ಲಿ ಸಾರಾ, ಹೀಬ್ರೂವಿನಲ್ಲಿ ಸಾರಾ, ಕನ್ನಡದ ಬೈಬಲಿನಲ್ಲಿ ಸಾರಳು. ಇಂಥ ಹೆಸರನ್ನು ಮುರಿಯುವ ನಾಲಗೆ ಇನ್ನೂ ಹುಟ್ಟಿಲ್ಲ ಎಂದು ಅಂಗಳದಲ್ಲಿ ನಿಂತು ಸಾರಿದೆ. ಬಾಗಿಲಲ್ಲಿ ಕೂತಿದ್ದ, ಆದವಾನಿಯ ಕಡೆಯಿಂದ ಹತ್ತಿ ಬಿಡಿಸಲು ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತುಂಗಭದ್ರೆಯ ಆಚೆ ಸಾರಾ ಅಂದರೆ ಸಾರಾಯಿ. 1992ರ ಸುಮಾರಿಗೆ ನೆಲ್ಲೂರಿನ ಹೆಣ್ಣುಮಕ್ಕಳು ಬೀದಿಗಿಳಿದು ಹೋರಾಡಿದ್ದು ಇದೇ ಸಾರಾದ ವಿರುದ್ಧ. ಕರ್ನಾಟಕದಲ್ಲಿ ಸಾರಾಯಿ ಬಂದ್ ಆದದ್ದು 2007ರಲ್ಲಿ. “ಸರಕಾರದವ್ರು ಬಂದ್ ಮಾಡಿದ್ದನ್ನ ನೀವು ಮನ್ಯಾಗ ತೊಟ್ಟಿಲಾಗ ಇಟ್ಟು ತೂಗ್ತೀರೇನು?” ಎಂದು ದೀನಮ್ಮ ಕೇಳಿದಳು. ಕುಡಿಯದವನೆಂದು ಸಭೆಯಲ್ಲಿ ನನಗಿದ್ದ ಮರ್ಯಾದೆಯನ್ನು ನೆನೆದು ಸುಮ್ಮನಾದೆ.

ಇಷ್ಟಾದ ಮೇಲೆ ನನಗೆ ಒಬ್ಬ ತಜ್ಞ ಬೇಕೆನಿಸಿತು. ಅವರು ನಮ್ಮ ಸಭೆಯಲ್ಲಿ ಇರಲಿಲ್ಲ, ಮಸೀದಿ ಓಣಿಯಲ್ಲಿ ಇದ್ದರು: ಉರ್ದು ಸಾಲಿಯಿಂದ ನಿವೃತ್ತರಾದ ಮಾಸ್ತರ್ ಸಾಬ್. ನನ್ನ ಹೆಸರನ್ನು ಅದರ ಪೂರ್ಣ ವೈಭವದಲ್ಲಿ ಉಚ್ಚರಿಸುವ ಒಬ್ಬನೇ ಮನುಷ್ಯ ಈ ತಾಲ್ಲೂಕಿನಲ್ಲಿ ಅವರು. ಮೊದಲ ಹಕಾರವನ್ನು ಗಂಟಲಿನಿಂದ ಉಜ್ಜಿ ತೆಗೆಯುತ್ತಾರೆ, ಕೊನೆಯ ಕಕಾರವನ್ನು ಕಿರುನಾಲಗೆಯ ಬುಡದಲ್ಲಿ ಒಡೆಯುತ್ತಾರೆ. ಹೀಬ್ರೂವಿನಲ್ಲಿ ನನ್ನ ಹೆಸರಿಗೆ ಬೀಳುವ ಐದು ಅಕ್ಷರಗಳಿಗೆ ಉರ್ದುವಿನ ಲಿಪಿಯಲ್ಲಿ ಒಂದೊಂದಕ್ಕೂ ಸರಿಜೋಡಿ ಇದೆಯಂತೆ. ಎರಡೂ ಬಲದಿಂದ ಎಡಕ್ಕೆ ಓಡುತ್ತವೆ, ಎರಡೂ ಹ್ರಸ್ವಸ್ವರಗಳನ್ನು ಬರೆಯದೆ ಓದುವವನ ಭಕ್ತಿಗೆ ಬಿಡುತ್ತವೆ. 1948ರವರೆಗೆ ಇಲ್ಲಿ ನಿಜಾಮನ ಆಡಳಿತವಿತ್ತಲ್ಲ; ಆಗ ಹುಟ್ಟಿದ್ದರೆ ಉರ್ದು ದಫ್ತರಿನಲ್ಲಾದರೂ ನಾನು ಸರಿಯಾಗಿ ದಾಖಲಾಗುತ್ತಿದ್ದೆ. ನನ್ನನ್ನು ಹಬ್ಬಕ್ಕಪ್ಪ ಮಾಡಿದ್ದು ಸ್ವಾತಂತ್ರ್ಯ ಎಂದು ಮಾಸ್ತರ್ ಸಾಬರ ಹತ್ತಿರ ಮಾತ್ರ ಗೊಣಗುತ್ತೇನೆ.

ಅವರು ನನ್ನ ಪಟ್ಟಿಯನ್ನು ನೋಡಿ ನಕ್ಕುಬಿಟ್ಟರು. “ಹಬಖೂಖ್ ಭಾಯ್, ನೀವು ಹುಡುಕೋ ಹೆಸರೆಲ್ಲ ನಮ್ಮ ಓಣಿಯಾಗೇ ಅದಾವಲ್ರೀ.” ಹೌದಲ್ಲ. ಬೈಬಲಿನ ಮೋಶೆ ಅಲ್ಲಿ ಮೂಸಾ, ದಾವೀದ ದಾವೂದ್, ಸೊಲೊಮೋನ ಸುಲೇಮಾನ್, ಯೋಬ ಅಯ್ಯೂಬ್, ಯೋನ ಯೂನುಸ್, ಎಲೀಯ ಇಲಿಯಾಸ್, ಯೋಸೇಫ ಯೂಸುಫ್. ಮುದಗಲ್ಲಿನ ಮೊಹರಂ ನೋಡಲು ಹೋಗುವ ಹಳ್ಳಿಯ ರೈತನಿಂದ ಹಿಡಿದು ಕಚೇರಿಯ ಸಾಹೇಬರ ತನಕ ಈ ಹೆಸರುಗಳನ್ನು ಯಾರೂ ತಡವರಿಸದೆ ಕರೆಯುತ್ತಾರೆ. ಅದೇ ಮೋಶೆಯನ್ನು ನಾವು ಚರ್ಚಿನ ಬಾಗಿಲಿನಿಂದ ಕರೆತಂದರೆ ಮಾತ್ರ “ಮೋಸ ಏನ್ರಿ?” ಎಂದು ಕೇಳುತ್ತಾರೆ. 1810ರಲ್ಲಿ ಬಳ್ಳಾರಿಗೆ ಬಂದು, ಅಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಒಮ್ಮೆ ಹೊಳೆ ದಾಟಿ ಬಂದು ಮಾಸ್ತರ್ ಸಾಬರ ಮುತ್ತಜ್ಜನನ್ನು ಕಂಡುಹೋಗಿದ್ದರೆ ಎಷ್ಟು ಚೆನ್ನಾಗಿತ್ತು! 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಹೆಸರುಗಳೆಲ್ಲ ಒಂದು ಸಲ ಎರಕ ಹೊಯ್ದ ಮೇಲೆ ಮುಗಿಯಿತು. ಕೆಲವು ಮಾತ್ರ ತಾವಾಗಿಯೇ ಊರಿನೊಳಗೆ ಕರಗಿವೆ. ಮಿರ್ಯಾಮ್ ಮರಿಯಮ್ಮ ಆಗಿ ಬಂದರೆ ಮಾರೆಮ್ಮನ ಗುಡಿಯ ಪೂಜಾರಿಯೂ ಹುಬ್ಬೇರಿಸುವುದಿಲ್ಲ. ದಾನ್ ದಾನಪ್ಪ ಆದ. ಆದಾಮ ಆದಪ್ಪ ಆದರೆ ಲಿಂಗಾಯತರ ಮನೆಯಲ್ಲಿ ಕುರ್ಚಿ ಹಾಕಿ ಕೂಡಿಸುತ್ತಾರೆ. ಸಂಸೋನನ ಅಪ್ಪ ಮಾನೋಹನಿಗೆ ಒಂದು ರಕಾರ ಕೊಟ್ಟರೆ ಮನೋಹರ. ಇದನ್ನೆಲ್ಲ ಮಗನಿಗೆ ಫೋನಿನಲ್ಲಿ ವಿವರಿಸಿದೆ. “ಅಪ್ಪಾ, ಹೆಣ್ಣು ಹುಟ್ಟೇತಿ” ಎಂದು ಅವನು ನೆನಪಿಸಿದ.

ಹೆಣ್ಣು ಹೆಸರಿಗಾಗಿ ಮತ್ತೆ ಬೈಬಲು ತಿರುವಿದೆ. ಅರಣ್ಯಕಾಂಡದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಒಂದೇ ಕಡೆ ಐದು ಹೆಣ್ಣು ಹೆಸರು ಸಿಕ್ಕವು: ಚೆಲೋಫಹಾದನ ಮಕ್ಕಳು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ನೋವಾ ಔಷಧಿ ಅಂಗಡಿಯಲ್ಲೇ ನಾಪಾಸಾಗಿತ್ತು. ಮಿಲ್ಕಾ ಎಂದಿಟ್ಟರೆ ಊರು ಅದನ್ನು ಅನುವಾದಿಸಿ ಹಾಲಮ್ಮ ಮಾಡುವುದು ಖಚಿತ. ಹೊಗ್ಲಾ ಎಂದು ಜೋರಾಗಿ ಓದಿದೆ. “ಎಲ್ಲಿಗೆ ಹೋಗ್ಲಾ? ಯಾರು ಹೋಗಂದ್ರು?” ಎಂದು ಒಳಗಿಂದ ಮಗಳು ಬಂದಳು. ಮಾನ್ವಿಗೆ ಕೊಟ್ಟ ಮಗಳು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಸೋದರತ್ತೆಯಾಗಿ ಮೊದಲೇ ಬಂದು ಇಳಿದಿದ್ದಳು. ಪುಸ್ತಕ ಇಸಿದುಕೊಂಡು ಅಧ್ಯಾಯವನ್ನು ಮೇಲಿಂದ ಕೆಳಗೆ ಓದಿದಳು. ಆ ಐವರು ಅಕ್ಕತಂಗಿಯರು ಮೋಶೆಯ ಮುಂದೆ ನಿಂತು, ಅಪ್ಪನ ಆಸ್ತಿಯಲ್ಲಿ ನಮಗೂ ಪಾಲು ಬೇಕು ಎಂದು ಕೇಳಿ ಗೆದ್ದ ಕತೆ ಅದು. “ಚೊಲೊ ಅಧ್ಯಾಯ ತಗದೀ ನೋಡಪ್ಪಾ. ಕಾಲುವಿ ಕಡಿ ಹೊಲದ ಮಾತು ಹೆಂಗ ತಗೀಲಿ ಅನ್ಕೊಂಡಿದ್ನಿ” ಅಂದಳು. ಬೈಬಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಆಮೇಲೆ ಹೆಂಗಸರೇ ಸೇರಿ, ನನ್ನನ್ನು ಪಡಸಾಲೆಗೆ ಕಳಿಸಿ, ನವೋಮಿ ಎಂದು ತೀರ್ಮಾನಿಸಿದರು. ರೂತಳ ಅತ್ತೆಯ ಹೆಸರು. ಅತ್ತೆ ಸೊಸೆ ಹೊಂದಿಕೊಂಡು ಬಾಳಿದ್ದಕ್ಕೆ ಇಡೀ ಬೈಬಲಿನಲ್ಲಿ ಇರುವುದು ಇದೊಂದೇ ದಾಖಲೆ ಎಂದು ದೀನಮ್ಮ ಸೊಸೆಯ ಮುಖ ನೋಡಿಯೇ ಹೇಳಿದಳಂತೆ. ಊರಿನವರ ಬಾಯಲ್ಲಿ ನವಮಿ ಆದೀತು, ರಾಮನವಮಿಗೆ ಹುಟ್ಟಿದ ಕೂಸು ಅಂದುಕೊಂಡಾರು, ಆಗಲಿ ಬಿಡಿ. ಬೆಂಗಳೂರಿಗೂ ನಡೆಯುತ್ತದೆ, ಮಂಗಳೂರಿಗೂ ನಡೆಯುತ್ತದೆ. ನನ್ನ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ, ನಾನೂ ನೆನಪಿಸಲಿಲ್ಲ.

ತೊಟ್ಟಿಲ ಕಾರ್ಯ ನಮ್ಮ ಮನೆಯಲ್ಲೇ ನಡೆಯಿತು. ನಮ್ಮವರು ಏಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡುತ್ತೇವೆ ನಿಜ, ಆದರೆ ಗುಗ್ಗರಿ ಹಂಚುವುದನ್ನೂ ಸೋದರತ್ತೆಯ ಬೆನ್ನಿಗೆ ಗುದ್ದುವುದನ್ನೂ ಬಿಟ್ಟಿಲ್ಲ. ಸೋದರತ್ತೆ ಕೂಸಿನ ಕಿವಿಯ ಹತ್ತಿರ ಬಾಗಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಆಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಇದು ಹೆಸರಿಡುವ ಶಾಸ್ತ್ರವೋ ವರ್ಷದ ಲೆಕ್ಕ ತೀರಿಸುವ ಶಾಸ್ತ್ರವೋ ನನಗೆ ಇವತ್ತಿಗೂ ಅನುಮಾನ. ಬೀಗರು ಮಂಗಳೂರಿನಿಂದ ಬಂದವರು ಇದನ್ನು ಕಂಡಿರಲಿಲ್ಲ. ನಮ್ಮ ಓಣಿಯ ಹೆಂಗಸರು ತೋಳು ಮೇಲೇರಿಸುವುದನ್ನು ನೋಡಿ ಬೀಗಿತಿ, “ಎಂತದು, ಜಗಳವಾ?” ಎಂದು ನನ್ನನ್ನು ಕೇಳಿದರು. ಅಲ್ಲ, ಹೆಸರು ಎಂದೆ.

ಪಾಸ್ಟರರು ವಯಸ್ಸಾದವರು, ಕಿವಿ ಸ್ವಲ್ಪ ದೂರ. ರಿಜಿಸ್ಟರು ತೆರೆದು ಪೆನ್ನು ಹಿಡಿದು ತೊಟ್ಟಿಲ ಪಕ್ಕದಲ್ಲೇ ಕೂತಿದ್ದರು. ಮಗಳು ಬಾಗಿದಳು. ‘ಕುರ್ರ್’ ಅಂದಳು. ಅಷ್ಟರಲ್ಲಿ ಮಂದಿಗೆ ತಡೆಯಲಾಗಲಿಲ್ಲ. ಕಾಲುವೆ ಕಡೆಯ ಹೊಲದ ಸುದ್ದಿ ಓಣಿಗೆ ಹೇಗೋ ಗೊತ್ತಾಗಿತ್ತೆಂದು ಕಾಣುತ್ತದೆ, ನನ್ನ ತಮ್ಮನ ಹೆಂಡತಿ ಇಟ್ಟ ಗುದ್ದು ಪಡಸಾಲೆಗೆ ಕೇಳಿಸಿತು.

“ಅವ್ವಾ!” ಎಂದು ಚೀರಿದಳು ಮಗಳು.

“ಹವ್ವ!” ಎಂದು ಪಾಸ್ಟರರು ಬರೆದುಕೊಂಡರು.

ಅವರದು ತಪ್ಪು ಎನ್ನುವ ಹಾಗಿಲ್ಲ. ಈ ಭಾಗದಲ್ಲಿ ವರ್ಷಗಟ್ಟಲೆ ಸೇವೆ ಮಾಡಿದವರು, ಯಾರು ಅಕಾರದಿಂದ ಶುರುಮಾಡಿದರೂ ಹಿಂದೊಂದು ಹಕಾರ ಬಿದ್ದುಹೋಗಿದೆ ಎಂದು ತಿಳಿದು ತಾವೇ ಎತ್ತಿ ಇಡುವ ಅಭ್ಯಾಸ ಅವರಿಗೆ. ಕೂಡಲೇ ಎದ್ದುನಿಂತು ಕಣ್ಣು ಮುಚ್ಚಿ ದೀರ್ಘ ಪ್ರಾರ್ಥನೆ ಶುರುಮಾಡಿದರು. ಏದೆನ್ ತೋಟದಿಂದ ಹೊರಟರು. ಮೊದಲ ತಾಯಿ ಹವ್ವಳ ಹೆಸರು ಹೊತ್ತ ಈ ಕೂಸನ್ನು ಸರ್ಪದಿಂದ ಕಾಪಾಡಬೇಕೆಂದು ಬೇಡಿದರು. ನವೋಮಿ, ನವೋಮಿ ಎಂದು ಮಗ ಪಿಸುಗುಟ್ಟಿದ. ಪ್ರಾರ್ಥನೆಯ ನಡುವೆ ಪಾಸ್ಟರರನ್ನು ತಡೆಯುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಇದ್ದಿದ್ದರೆ ನಾನು ಹಬಕ್ಕೂಕನೇ ಆಗುತ್ತಿರಲಿಲ್ಲ. ಆಮೆನ್ ಆಗುವಷ್ಟರಲ್ಲಿ ಹೆಂಗಸರು ಗುಗ್ಗರಿ ಉಡಿಗೆ ಹಾಕಿಕೊಂಡು, “ಹೆಸರು ಚೊಲೊ ಇಟ್ಟೀರಿ ಬಿಡ್ರಿ” ಅನ್ನುತ್ತ ತೊಟ್ಟಿಲು ತೂಗಲು ಹತ್ತಿದ್ದರು. ನಮ್ಮ ಸೀಮೆಯಲ್ಲಿ ಹೆಣ್ಣುಕೂಸನ್ನು ಮುದ್ದಿಗೆ ಕರೆಯುವುದೇ ಅವ್ವ ಎಂದು. ಬಾ ನನ್ನವ್ವಾ, ಅಳಬ್ಯಾಡ ನನ್ನವ್ವಾ. ಊರಿನ ಮಟ್ಟಿಗೆ ಅವತ್ತು ಹೊಸದಾಗಿ ಕಲಿಯಬೇಕಾದ್ದು ಏನೂ ಇರಲಿಲ್ಲ. ಮಾಸ್ತರ್ ಸಾಬ್ ಬಾಗಿಲಲ್ಲಿ ನಿಂತು ಗಂಟಲಿನಿಂದ “ಬೀಬಿ ಹವ್ವಾ, ಮಾಶಾ ಅಲ್ಲಾ” ಅಂದರು. ಇಸ್ರೇಲಿನಿಂದ ಸೊಸೆಯ ಅಣ್ಣ, ಇಲ್ಲಿಯೂ ಹೀಗೇ ಗಂಟಲಲ್ಲೇ ಹೇಳುವುದು ಎಂದು ಖುಷಿಪಟ್ಟ. ಸೊಸೆ ಮಾತ್ರ ಒಂದು ವಾರ ನಮ್ಮ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಅವಳೂ ಒಂದು ನಡುರಾತ್ರಿ ಅಳುವ ಕೂಸನ್ನು ಎತ್ತಿಕೊಂಡು “ಎಂತ ಹವ್ವ, ಎಂತ ಆಯ್ತು?” ಅನ್ನುವುದು ನನ್ನ ಕಿವಿಗೆ ಬಿತ್ತು.

ಉಳಿದದ್ದು ಇಂಗ್ಲಿಷಿನ ಅಕ್ಷರ. ಜನನ ನೋಂದಣಿಯಲ್ಲಿ ಹೆಸರು ಸೇರಿಸಲು ಹನ್ನೆರಡು ತಿಂಗಳು ಪುಕ್ಕಟೆ, ಆಮೇಲೆ ದಂಡ ಕಟ್ಟಿ ಹದಿನೈದು ವರ್ಷದವರೆಗೆ ಸೇರಿಸಬಹುದು. ನಮ್ಮ ಮನೆಯ ಚರ್ಚೆಯ ವೇಗ ನೋಡಿದರೆ ಆ ಹದಿನೈದು ವರ್ಷವನ್ನು ನಮ್ಮಂಥವರಿಗಾಗಿಯೇ ಇಟ್ಟ ಹಾಗಿದೆ. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನ ತನಕ ಹುಟ್ಟಿದ ದಿನಕ್ಕೂ ಊರಿಗೂ ಆ ಪ್ರಮಾಣಪತ್ರವೇ ಪುರಾವೆ ಎಂದು ಮಗ ಹೆದರಿಸಿದ. ಅಲಿಯಾಸ್ ಅನ್ನುವುದು ಈ ತಲೆಮಾರಿಗೆ ಬೇಡ ಎಂದು ಅವನ ಹಟ. ಎಚ್ ಎ ವಿ ಎ ಬರೆದರೆ ಉತ್ತರದವರು ಹವಾ ಎಂದು ಓದುತ್ತಾರೆ. ಡಬಲ್ ಯು ಹಾಕಿದರೂ ಹವಾ ತಪ್ಪುವುದಿಲ್ಲ. ಇಸ್ರೇಲಿನಿಂದ ಬಂದ ಸಲಹೆ ಸಿ ಎಚ್ ಎಂದು ಶುರುಮಾಡುವುದು, ಅಲ್ಲಿ ಗಂಟಲ ಹಕಾರಕ್ಕೆ ಹಾಗೆ ಬರೆಯುತ್ತಾರಂತೆ. ಬರೆದು ತೋರಿಸಿದ್ದಕ್ಕೆ ಮಾನ್ವಿಯ ಅಳಿಯ “ಛಾವಾ! ಆ ಹಿಂದಿ ಸಿನಿಮಾ ನಾ ನೋಡೀನಿ ಮಾವ” ಅಂದ. ದೀನಮ್ಮ ಎಲ್ಲ ಕೇಳಿಸಿಕೊಂಡು, “ನಂದು ಬರಿಯಾಕ ಯಾರಿಗೂ ತ್ರಾಸ ಆಗಿಲ್ಲ ನೋಡು” ಎಂದು ಸೊಪ್ಪು ಸೋಸುತ್ತ ಕೂತಳು. ಕೊನೆಗೆ ಎರಡು ವಿ ಹಾಕಿ ಅರ್ಜಿ ತುಂಬಿಸಿದ್ದಾರೆ. ಎರಡನೆಯ ವಿ ಎಷ್ಟು ದಿನ ಬಾಳುತ್ತದೋ ದೇವರೇ ಬಲ್ಲ.

ನಿನ್ನೆ ಸಂಜೆ ಸ್ಕೂಟರಿನ ಹಿಂದಿನ ಗಾಲಿ ಮೆತ್ತಗಾಗಿತ್ತು, ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯ ಹುಡುಗ ಪೈಪು ಕೈಯಲ್ಲಿ ಹಿಡಿದು, ಗಾಲಿಯ ಕಡೆಗೂ ನನ್ನ ಕಡೆಗೂ ಒಮ್ಮೆ ನೋಡಿ ಕೇಳಿದ:

“ಹಬ್ಬಕ್ಕಪ್ಪಾರ, ಹವಾ ಹೆಂಗೈತ್ರಿ?”

“ರಾತ್ರಿ ಮಲಗಾಂಗಿಲ್ಲ ನೋಡಪಾ, ಅಳ್ತೈತಿ” ಅಂದೆ.

ಅವನು ಗಾಲಿಗೆ ಕಿವಿ ಹಚ್ಚಿ ಕೇಳಿದ.